ಸಂಸತ್ತಿನ ಪಾಸ್‌ವರ್ಡ್ ಯಾರ ಹತ್ತಿರ ಇದೆ?

2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಿಂದ ಹೋಗುತ್ತಿದ್ದ ಇಮೇಲ್‌ಗಳ ಕೆಳಗೆ ಪ್ರಧಾನಮಂತ್ರಿಯವರ ಫೋಟೋ ಕಾಣಿಸಿಕೊಂಡಿತು. ಪಕ್ಕದಲ್ಲೇ ಸರ್ಕಾರದ ಘೋಷಣೆ. ವಕೀಲರು ಗಮನಿಸಿ ಹೇಳಿದ ಮೇಲೆ ಕೋರ್ಟಿನ ರಿಜಿಸ್ಟ್ರಿ, ಸರ್ಕಾರಿ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಎನ್‌ಐಸಿಗೆ ತಿಳಿಸಿ ಅದನ್ನು ತೆಗೆಸಿತು. ಆ ಜಾಗಕ್ಕೆ ಸುಪ್ರೀಂ ಕೋರ್ಟ್ ಕಟ್ಟಡದ ಚಿತ್ರ ಬಂತು. ಎನ್‌ಐಸಿ ನಡೆಸುವ ಎಲ್ಲ ಕಡೆಗೂ ಒಂದೇ ಸಲ ಹಾಕಿದ್ದ ಸ್ಕ್ರಿಪ್ಟ್ ಅದು, ಕೋರ್ಟಿನ ಮೇಲ್‌ಗೂ ಹೋಗಿಬಿಟ್ಟಿದೆ ಅನ್ನುವ ವಿವರಣೆ ಬಂತು.

ನನಗೆ ಆ ವಿವರಣೆ ಪೂರ್ತಿ ನಂಬುವ ಹಾಗೇ ಇತ್ತು. ಹೆದರಿಕೆ ಆಗಿದ್ದೂ ಅದಕ್ಕೇ. ನಾನು ಸಿಸ್ಟಮ್ ಅಡ್ಮಿನ್. ಮೇಲ್ ಸರ್ವರ್ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಕೇಂದ್ರದಲ್ಲಿ ಒಂದು ಟೆಂಪ್ಲೇಟ್ ಬದಲಾಯಿಸಿದರೆ ಅದರ ಕೆಳಗಿರುವ ಎಲ್ಲ ಡೊಮೇನ್‌ಗಳಿಗೂ ಅದು ಹರಿದು ಹೋಗುತ್ತದೆ. ಹಾಗೆ ಮಾಡಿದವರಿಗೆ ಕೆಟ್ಟ ಉದ್ದೇಶ ಇರಬೇಕಾಗಿಲ್ಲ. ಆ ಪಟ್ಟಿಯಲ್ಲಿ ದೇಶದ ಅತಿ ದೊಡ್ಡ ಕೋರ್ಟೂ ಒಂದು ಸಾಲು, ಅಷ್ಟೇ.

ಅದೇ ಪಟ್ಟಿಯಲ್ಲಿ ಸಂಸತ್ತೂ ಇದೆ. ನಮ್ಮ ಎಂಪಿಗಳಿಗೆ ಕೊಟ್ಟ ಎಷ್ಟೋ ವಿಳಾಸಗಳು ‘ಸನ್ಸದ್ ಡಾಟ್ ನಿಕ್ ಡಾಟ್ ಇನ್’ ಅಂತ ಮುಗಿಯುತ್ತವೆ. ಎನ್‌ಐಸಿ ಅಂದರೆ 1976ರಲ್ಲಿ ಶುರುವಾದ ಸಂಸ್ಥೆ. ಈಗ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯದ ಕೆಳಗಿದೆ. ಕೆಲಸ ಬಲ್ಲ ಜನ. ಇಷ್ಟು ದೊಡ್ಡ ದೇಶದ ಜಿಲ್ಲೆ ಜಿಲ್ಲೆಗೂ ನೆಟ್‌ವರ್ಕ್ ಎಳೆದವರು, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಅವರು ಒಬ್ಬ ಮಂತ್ರಿಗೆ ಉತ್ತರ ಹೇಳಬೇಕಾದವರು. ಆ ಮಂತ್ರಿ ಸಂಸತ್ತಿಗೆ ಉತ್ತರ ಹೇಳಬೇಕಾದವರು. ಪ್ರಶ್ನೆ ಕೇಳುವವರ ಟಪಾಲು, ಉತ್ತರ ಕೊಡಬೇಕಾದವರ ಕೆಳಗೆ ಕೆಲಸ ಮಾಡುವವರ ಕೈಯಲ್ಲಿದೆ.

ಈ ವಿಷಯ ನಾನು ಮೊದಲು ಜಗಳ ಆಡಿದ್ದು ನಮ್ಮ ಚಿಕ್ಕಪ್ಪನ ಜೊತೆ. ಅವರು ವಿಧಾನಸಭೆ ಸಚಿವಾಲಯದಲ್ಲಿ ವರದಿಗಾರರಾಗಿದ್ದು ನಿವೃತ್ತರಾದವರು. ಪತ್ರಿಕೆ ವರದಿಗಾರರಲ್ಲ. ಸದನದ ಮಧ್ಯೆ ಮೇಜಿನ ಹತ್ತಿರ ಕೂತು, ಸರದಿ ಪ್ರಕಾರ ಶೀಘ್ರಲಿಪಿಯಲ್ಲಿ ಪ್ರತಿ ಮಾತನ್ನೂ ಬರೆದುಕೊಳ್ಳುವವರು. ನಾವು ಚಿಕ್ಕವರಿದ್ದಾಗ ಯಾರಾದರೂ “ನಿಮ್ಮ ಚಿಕ್ಕಪ್ಪ ಸರ್ಕಾರಿ ಕೆಲಸದಲ್ಲಿದ್ದಾರಾ” ಅಂತ ಕೇಳಿದರೆ ಅವರಿಗೆ ಮೂಗಿನ ತುದಿಗೆ ಕೋಪ. “ಸರ್ಕಾರದ ಕೆಲಸ ಅಲ್ಲ ಕಣೇ, ಸದನದ ಕೆಲಸ. ನಮಗೆ ಯಜಮಾನರು ಸಭಾಧ್ಯಕ್ಷರು. ಮುಖ್ಯಮಂತ್ರಿ ಬಂದು ಆ ಸಾಲು ತೆಗಿ ಅಂದ್ರೂ ತೆಗೆಯೋ ಹಾಗಿಲ್ಲ” ಅನ್ನುತ್ತಿದ್ದರು. ಸಂಬಳದ ಚೀಟಿ ಎಲ್ಲರದ್ದೂ ಒಂದೇ ತರ ಇದೆಯಲ್ಲ ಅಂತ ಚಿಕ್ಕಮ್ಮ ಒಳಗಿನಿಂದ ಕೂಗುತ್ತಿದ್ದರು.

ಅವರ ಆ ಹೆಮ್ಮೆ ಸಂವಿಧಾನದಲ್ಲಿ ಬರೆದಿಟ್ಟದ್ದು. ರಾಜ್ಯದ ಸದನಗಳಿಗೆ 187ನೇ ವಿಧಿ, ಸಂಸತ್ತಿಗೆ 98ನೇ ವಿಧಿ. ಸದನಕ್ಕೆ ತನ್ನದೇ ಸಚಿವಾಲಯ, ತನ್ನದೇ ಸಿಬ್ಬಂದಿ ಇರಬೇಕು ಅಂತ ಎರಡೂ ಹೇಳುತ್ತವೆ. ಓದಿದರೆ ಇದೇನು ಆಫೀಸಿನ ವಿಷಯ ಅನಿಸುತ್ತದೆ. ಇದರ ಹಿಂದಿನ ಕಥೆ ಗೊತ್ತಾದ ಮೇಲೆ ನನಗೆ ಹಾಗೆ ಅನಿಸುವುದು ನಿಂತಿತು.

1925ರ ಆಗಸ್ಟ್‌ನಲ್ಲಿ ಬ್ರಿಟಿಷರ ಕಾಲದ ಕೇಂದ್ರ ಶಾಸನಸಭೆ ಮೊದಲ ಸಲ ತನ್ನ ಅಧ್ಯಕ್ಷರನ್ನು ತಾನೇ ಆರಿಸಿತು. ಅದಕ್ಕೆ ಮುಂಚೆ ಇದ್ದವರು ಸರ್ಕಾರ ನೇಮಿಸಿದವರು. ಗೆದ್ದದ್ದು ವಿಠ್ಠಲಭಾಯಿ ಪಟೇಲ್, ವಲ್ಲಭಭಾಯಿಯವರ ಅಣ್ಣ. ಬರೀ ಎರಡು ಮತದ ಅಂತರ. ಕುರ್ಚಿಯ ಮೇಲೆ ಕೂತ ಮೇಲೆ ಅವರಿಗೆ ಕಂಡದ್ದೇನು? ತಮಗೆ ನಿಯಮ ಹೇಳಿಕೊಡುವ ಕಾರ್ಯದರ್ಶಿ, ಕಡತ ತರುವ ಗುಮಾಸ್ತ, ಎಲ್ಲರೂ ಸರ್ಕಾರದ ಶಾಸನ ಇಲಾಖೆಯವರು. ಸರ್ಕಾರದ ಮಸೂದೆ ಬರೆದುಕೊಟ್ಟ ಇಲಾಖೆಯೇ, ಆ ಮಸೂದೆ ನಿಯಮಕ್ಕೆ ಸರಿಯಿದೆಯೇ ಅಂತ ಅಧ್ಯಕ್ಷರಿಗೆ ಸಲಹೆ ಕೊಡಬೇಕಿತ್ತು. ಸದಸ್ಯರು ಕೊಡುವ ಪ್ರಶ್ನೆಗಳೂ ಮೊದಲು ಬಂದು ಬೀಳುತ್ತಿದ್ದದ್ದು ಅವರ ಮೇಜಿನ ಮೇಲೆ.

ಪಟೇಲರು ಸುಮ್ನೆ ಬಿಡಲಿಲ್ಲ. ವರ್ಷಗಟ್ಟಲೆ ಪತ್ರ ಬರೆದರು, ಜಗ್ಗಾಡಿದರು. 1928ರ ಸೆಪ್ಟೆಂಬರ್‌ನಲ್ಲಿ ಮೋತಿಲಾಲ್ ನೆಹರು ಸಭೆಯಲ್ಲಿ ನಿರ್ಣಯ ಮಂಡಿಸಿದರು. ಸಭೆಗೆ ಪ್ರತ್ಯೇಕ ಇಲಾಖೆ ಬೇಕು ಅಂತ ಒಮ್ಮತದಿಂದ ಪಾಸಾಯಿತು. 1929ರ ಜನವರಿ 10ರಂದು ಆ ಇಲಾಖೆ ಹುಟ್ಟಿತು. ಕಾಗದದ ಮೇಲೆ ಅದು ಗವರ್ನರ್ ಜನರಲ್ ಕೆಳಗೆ, ನಡೆಸುವವರು ಮಾತ್ರ ಸಭೆಯ ಅಧ್ಯಕ್ಷರು. ಪರದೇಶದ ಆಳ್ವಿಕೆಯಲ್ಲಿ, ಅರ್ಧಂಬರ್ಧ ಅಧಿಕಾರದ ಒಂದು ಸಭೆ ಇಷ್ಟು ಗಿಟ್ಟಿಸಿಕೊಂಡಿತು!

ಮೂರು ತಿಂಗಳಿಗೇ ಇನ್ನೊಂದು ಪರೀಕ್ಷೆ ಬಂತು. ಏಪ್ರಿಲ್ 8ರಂದು ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಸಭೆಯೊಳಗೆ ಬಾಂಬ್ ಎಸೆದರು. ಆ ಹೊತ್ತಿಗೆ ಪಟೇಲರು ಸಾರ್ವಜನಿಕ ಸುರಕ್ಷತಾ ಮಸೂದೆಯ ಬಗ್ಗೆ ತಮ್ಮ ತೀರ್ಪು ಹೇಳಲು ಎದ್ದು ನಿಂತಿದ್ದರು. ಆಮೇಲೆ ಸರ್ಕಾರಕ್ಕೆ ಸದನದ ಕಾವಲನ್ನು ಪೊಲೀಸರಿಗೆ ಒಪ್ಪಿಸಲು ಒಳ್ಳೆಯ ನೆಪ ಸಿಕ್ಕಿತು. ಪಟೇಲರು ಒಪ್ಪಲಿಲ್ಲ. ಸದನದ ಒಳಗೆ ಅಧ್ಯಕ್ಷರ ಮಾತು ಕೇಳುವ ಕಾವಲುಗಾರರೇ ಇರಬೇಕು ಅಂತ ಹಟ ಹಿಡಿದು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ‘ವಾಚ್ ಅಂಡ್ ವಾರ್ಡ್’ ಪಡೆ ಶುರು ಮಾಡಿಸಿದರು. ಅಂದ ಹಾಗೆ ಆ ಮಸೂದೆಯ ಚರ್ಚೆಯನ್ನೂ ಅವರು ನಿಯಮಬಾಹಿರ ಅಂತ ತಡೆದರು. ತಮ್ಮ ತಲೆಯ ಮೇಲೆ ಬಾಂಬಿನ ಹೊಗೆ ಆಡಿದ ಮೂರು ದಿನಕ್ಕೆ!

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಪಟೇಲರು ಹಿಡಿದ ಜಾಗಗಳು ಎಲ್ಲ ಸಣ್ಣವು. ಕಡತ ಯಾರ ಕಪಾಟಿನಲ್ಲಿ, ಗುಮಾಸ್ತ ಯಾರ ಕೈಕೆಳಗೆ, ಬಾಗಿಲಲ್ಲಿ ನಿಂತವನು ಯಾರ ಮಾತು ಕೇಳುತ್ತಾನೆ. ಇವತ್ತು ಆ ಕಪಾಟು ಸರ್ವರ್ ಆಗಿದೆ. ಗುಮಾಸ್ತನ ಅರ್ಧ ಕೆಲಸ ಪೋರ್ಟಲ್ ಮಾಡುತ್ತದೆ. ಸಂವಿಧಾನ ಸಿಬ್ಬಂದಿಯನ್ನು ಬೇರೆ ಮಾಡಿ ಕೊಟ್ಟಿತು. ಕಪಾಟು ಗೊತ್ತಿಲ್ಲದ ಹಾಗೆ ವಾಪಸ್ ಹೋಯಿತು.

“ಹೋದರೆ ಏನಾಯ್ತೀಗ? ಯಾರು ಕೂತು ಎಂಪಿಗಳ ಮೇಲ್ ಓದ್ತಾರೆ?” ಅಂತ ಚಿಕ್ಕಪ್ಪ ಕೇಳಿದರು. ಒಳ್ಳೆಯ ಪ್ರಶ್ನೆ. ಓದುತ್ತಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ನನ್ನ ಕಸುಬಿನಲ್ಲಿ ಯಾರೂ ಮೇಲ್ ಓದುವ ಕಷ್ಟ ತೆಗೆದುಕೊಳ್ಳುವುದಿಲ್ಲ. ಲಾಗ್ ಸಾಕು, ಅಂದರೆ ಸರ್ವರ್ ತಾನೇ ಬರೆದಿಡುವ ದಾಖಲೆ. ಯಾರು, ಯಾರಿಗೆ, ಎಷ್ಟು ಹೊತ್ತಿಗೆ, ಯಾವ ಊರಿನ ಐಪಿಯಿಂದ. ಒಂದು ಸಚಿವಾಲಯದ ಅಧಿಕಾರಿಯೊಬ್ಬರು ತಮ್ಮ ಇಲಾಖೆಯಲ್ಲಿ ನಡೆದ ಅವ್ಯವಹಾರದ ಬಗ್ಗೆ ವಿರೋಧ ಪಕ್ಷದ ಎಂಪಿಗೆ ಬರೆಯಬೇಕು ಅಂದುಕೊಳ್ಳಿ. ಅವರ ಮೇಲ್ ಎನ್‌ಐಸಿಯದು. ಎಂಪಿಯ ಅಧಿಕೃತ ಮೇಲೂ ಎನ್‌ಐಸಿಯದು. ಪತ್ರ ಒಂದೇ ಕಟ್ಟಡದಿಂದ ಹೊರಟು ಅದೇ ಕಟ್ಟಡಕ್ಕೆ ಬಂದು ಸೇರುತ್ತದೆ. ಒಳಗೆ ಏನಿದೆ ಅಂತ ತೆರೆದು ನೋಡಬೇಕಾಗಿಲ್ಲ. ಹೀಗೊಂದು ಸಾಲು ಇದೆ ಅಂತ ಗೊತ್ತಾದರೆ ಆ ಅಧಿಕಾರಿಯ ಕಥೆ ಮುಗಿಯಿತು. ಓನರ್ ಹತ್ತಿರ ಡೂಪ್ಲಿಕೇಟ್ ಕೀ ಇರುವ ಬಾಡಿಗೆ ಮನೆಯ ಹಾಗೆ. ಓನರ್ ಒಳ್ಳೆಯವರೇ ಇರಬಹುದು, ಆದರೂ ನಾವು ಒಡವೆಯನ್ನು ಅಲ್ಲಿ ಇಡುವುದಿಲ್ಲ.

ಇದನ್ನು ತಪ್ಪಿಸಿಕೊಳ್ಳಬೇಕೆಂದರೆ ಇರುವ ಸುಲಭದ ದಾರಿ ಜಿಮೇಲ್, ವಾಟ್ಸಾಪ್. ಸರ್ಕಾರದ ಕೈಯಿಂದ ದೂರ ಇರಬೇಕಾದರೆ ನಮ್ಮ ಜನಪ್ರತಿನಿಧಿ ಅಮೆರಿಕದ ಕಂಪನಿಯ ಕೈಗೆ ಹೋಗಬೇಕು. ಇದೂ ಒಂದು ಸ್ವಾತಂತ್ರ್ಯವೇ, ನಗಬೇಕೋ ಅಳಬೇಕೋ.

ಲಾಗ್ ವಿಷಯ ಬರೀ ನನ್ನ ಊಹೆ ಅಂತ ಅನ್ನುವವರಿಗೆ 2023 ಇದೆ. ತೃಣಮೂಲ ಕಾಂಗ್ರೆಸ್ಸಿನ ಮಹುವಾ ಮೊಯಿತ್ರಾ ಲೋಕಸಭೆಯ ತಮ್ಮ ಸದಸ್ಯರ ಪೋರ್ಟಲ್‌ನ ಲಾಗಿನ್ ಅನ್ನು ಒಬ್ಬ ಉದ್ಯಮಿಗೆ ಕೊಟ್ಟಿದ್ದರು ಎಂಬ ಪ್ರಕರಣ ನೆನಪಿದೆ ಅಲ್ವಾ? ಪ್ರಶ್ನೆ ಟೈಪ್ ಮಾಡಿಸಲು ಕೊಟ್ಟೆ, ದುಡ್ಡು ತೆಗೆದುಕೊಂಡಿಲ್ಲ ಅಂತ ಅವರು ಹೇಳಿದರು. ಲೋಕಸಭೆಯ ನೀತಿ ಸಮಿತಿ (ಎಥಿಕ್ಸ್ ಕಮಿಟಿ) ಕೇಂದ್ರದ ಗೃಹ ಮತ್ತು ಐಟಿ ಸಚಿವಾಲಯಗಳಿಂದ ವರದಿ ತರಿಸಿಕೊಂಡಿತು. ಅವರ ಖಾತೆ ದುಬೈನಿಂದ 47 ಸಲ ತೆರೆದಿದೆ ಅಂತ ಲೆಕ್ಕ ಬಂತು. ಡಿಸೆಂಬರ್ 8ರಂದು ಧ್ವನಿಮತದಲ್ಲಿ ಅವರನ್ನು ಉಚ್ಚಾಟಿಸಿದರು.

ಲಾಗಿನ್ ಹಂಚಿಕೊಂಡದ್ದು ಸರಿ ಅಂತ ಯಾವ ಅಡ್ಮಿನ್ ಬಾಯಲ್ಲೂ ಬರುವುದಿಲ್ಲ, ನನ್ನ ಬಾಯಲ್ಲೂ ಇಲ್ಲ. ನಮ್ಮ ಆಫೀಸಿನಲ್ಲಿ ಯಾರಾದರೂ ಹಾಗೆ ಮಾಡಿದರೆ ಅವತ್ತೇ ಖಾತೆ ಬಂದ್. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೊಂದು ತಾರೀಕು. ಸಮಿತಿ ವಿಚಾರಣೆ ಮುಗಿಸುವುದಕ್ಕೆ ಎಷ್ಟೋ ಮೊದಲು, ಅಕ್ಟೋಬರ್‌ನಲ್ಲೇ, ದೂರು ಕೊಟ್ಟಿದ್ದ ಆಳುವ ಪಕ್ಷದ ಸಂಸದರು ಎಕ್ಸ್‌ನಲ್ಲಿ ಬರೆದರು: ಸಂಸದರೊಬ್ಬರ ಐಡಿ ದುಬೈನಲ್ಲಿ ತೆರೆದಿದೆ, ಎನ್‌ಐಸಿ ಈ ಮಾಹಿತಿಯನ್ನು ತನಿಖಾ ಸಂಸ್ಥೆಗೆ ಕೊಟ್ಟಿದೆ ಅಂತ. ಒಂದು ನಿಮಿಷ ನಿಂತು ನೋಡಿ. ಲೋಕಸಭೆಯ ಸದಸ್ಯರು ಲೋಕಸಭೆಯ ಪೋರ್ಟಲ್‌ಗೆ ಎಲ್ಲಿಂದ ಲಾಗಿನ್ ಆದರು ಅನ್ನುವುದು ಯಾರ ಮಾಹಿತಿ? ಸಭಾಧ್ಯಕ್ಷರದ್ದು ಅಂತ ನಾನು ಅಂದುಕೊಂಡಿದ್ದೆ. ಅದನ್ನು ತೆಗೆಯಲು ಯಾರ ಅಪ್ಪಣೆ ಬೇಕು, ತೆಗೆದದ್ದನ್ನು ಯಾರಿಗೆ ಕೊಡಬಹುದು, ಕೊಟ್ಟಾಗ ಆ ಸದಸ್ಯರಿಗೆ ಹೇಳಬೇಕೋ ಬೇಡವೋ? ನಮ್ಮ ಕಂಪನಿಯಲ್ಲಿ ಒಬ್ಬ ಟ್ರೈನಿಯ ಲಾಗ್ ತೆಗೆಯಲೂ ಎಚ್‌ಆರ್ ಸಹಿ ಬೇಕು. ಮಹುವಾ ತಪ್ಪು ಮಾಡಿದರೋ ಇಲ್ಲವೋ ಅನ್ನುವ ಗಲಾಟೆಯಲ್ಲಿ ಈ ಪ್ರಶ್ನೆಯನ್ನು ಕೇಳಿದವರೇ ಕಡಿಮೆ. ಅವರು 2024ರಲ್ಲಿ ಕೃಷ್ಣನಗರದಿಂದ ಮತ್ತೆ ಗೆದ್ದು ಬಂದರು. ಪ್ರಶ್ನೆ ಹಾಗೇ ಇದೆ.

ಇದು ಭಾರತದ ರೋಗ ಮಾತ್ರ ಅಂದುಕೊಳ್ಳಬೇಡಿ. ನನ್ನ ಕಸುಬಿನವರು ಮರೆಯಬಾರದ ಪ್ರಕರಣ ಅಮೆರಿಕದ್ದು. ಅಲ್ಲಿನ ಗುಪ್ತಚರ ಸಂಸ್ಥೆ ಸಿಐಎ ಕೈದಿಗಳಿಗೆ ಕೊಟ್ಟ ಹಿಂಸೆಯ ಬಗ್ಗೆ ಸೆನೆಟ್‌ನ ಗುಪ್ತಚರ ಸಮಿತಿ 2009ರಲ್ಲಿ ತನಿಖೆ ಶುರು ಮಾಡಿತು. ಕಾಗದಪತ್ರ ಕೊಡುತ್ತೇವೆ, ಆದರೆ ನಮ್ಮ ಜಾಗದಲ್ಲಿ, ನಮ್ಮ ಕಂಪ್ಯೂಟರಿನಲ್ಲೇ ಕೂತು ಓದಿ ಅಂತ ಸಿಐಎ ಹೇಳಿತು. ಸಮಿತಿಯ ಸಿಬ್ಬಂದಿಗೆ ಬೇರೆ ಡ್ರೈವ್, ಅದನ್ನು ನಾವು ಮುಟ್ಟುವುದಿಲ್ಲ ಅಂತ ಒಪ್ಪಂದ. ಸಮಿತಿಗೆ ಸಿಕ್ಕಿದ್ದು 60 ಲಕ್ಷಕ್ಕೂ ಜಾಸ್ತಿ ಪುಟ. ಓದುತ್ತಾ ಹೋದ ಹಾಗೆ ಮೊನ್ನೆ ಇದ್ದ ದಾಖಲೆ ಇವತ್ತು ಇಲ್ಲ! 2010ರ ಫೆಬ್ರವರಿಯಲ್ಲಿ ಸುಮಾರು 870 ದಾಖಲೆ, ಮೇ ತಿಂಗಳಲ್ಲಿ ಇನ್ನೊಂದು 50ರಷ್ಟು ಮಾಯ. ಕೇಳಿದರೆ ಮೊದಲು ತೆಗೆದೇ ಇಲ್ಲ ಅಂದರು, ಆಮೇಲೆ ಐಟಿಯವರ ಮೇಲೆ ಹಾಕಿದರು. (ಎಲ್ಲ ದೇಶದಲ್ಲೂ ಮೊದಲು ಸಿಗುವುದು ನಾವೇ.) 2014ರ ಜನವರಿಯಲ್ಲಿ ಸಿಐಎ ಸಮಿತಿಯ ಡ್ರೈವ್ ಒಳಗೇ ಹೋಗಿ ಹುಡುಕಾಡಿದ್ದು ಗೊತ್ತಾಯಿತು. ಸಮಿತಿಯ ಅಧ್ಯಕ್ಷೆ ಡಯಾನ್ ಫೈನ್‌ಸ್ಟೀನ್ ಮಾರ್ಚ್ 11ರಂದು ಸೆನೆಟ್‌ನಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದರು. ಸಿಐಎ ನಿರ್ದೇಶಕ ಜಾನ್ ಬ್ರೆನನ್ ಅಂಥದ್ದೇನೂ ನಡೆದೇ ಇಲ್ಲ ಅಂದರು. ಜುಲೈನಲ್ಲಿ ಸಿಐಎಯ ಒಳಗಿನ ತನಿಖಾಧಿಕಾರಿಯೇ ಐವರು ನೌಕರರು ಹಾಗೆ ಮಾಡಿದ್ದು ಹೌದು ಅಂತ ಬರೆದರು. ಇಬ್ಬರು ವಕೀಲರು, ಮೂವರು ಐಟಿ ಸಿಬ್ಬಂದಿ. ಬ್ರೆನನ್ ಕ್ಷಮೆ ಕೇಳಿದರು. ಯಾರಿಗೂ ಶಿಕ್ಷೆ ಆಗಲಿಲ್ಲ.

ಅಲ್ಲಿ ಫೈನ್‌ಸ್ಟೀನ್ ಸರ್ಕಾರದ ವಿರೋಧಿಯೂ ಅಲ್ಲ. ಅಧ್ಯಕ್ಷ ಒಬಾಮಾ ಅವರ ಪಕ್ಷದವರೇ. ಒಪ್ಪಂದ ಇತ್ತು, ಬೇರೆ ಡ್ರೈವ್ ಇತ್ತು. ಅಡ್ಮಿನ್ ಹಕ್ಕು ಮಾತ್ರ ಆ ಕಡೆಯವರ ಹತ್ತಿರ ಇತ್ತು.

ನಮ್ಮಲ್ಲಿ ಫೋನಿನೊಳಗೆ ನುಗ್ಗುವ ಪೆಗಾಸಸ್ ಎಂಬ ಸ್ಪೈವೇರ್ ಗಲಾಟೆ ಬಂದಾಗ ಕರ್ನಾಟಕದ ಹೆಸರುಗಳೂ ಬಂದವು. 2019ರಲ್ಲಿ ಸಮ್ಮಿಶ್ರ ಸರ್ಕಾರ ಬೀಳುವ ಹೊತ್ತಿಗೆ ಜಿ. ಪರಮೇಶ್ವರ್ ಅವರ ನಂಬರ್, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯನವರ ಆಪ್ತ ಕಾರ್ಯದರ್ಶಿಗಳ ನಂಬರ್ ಅದರ ಗುರಿಯಾಗಿರಬಹುದಾದ ನಂಬರ್‌ಗಳ ಪಟ್ಟಿಯಲ್ಲಿತ್ತು ಅಂತ 2021ರ ಜುಲೈನಲ್ಲಿ ವರದಿಯಾಯಿತು. ಪಟ್ಟಿಯಲ್ಲಿ ಇದ್ದರೆ ಫೋನ್ ಒಳಗೆ ನುಗ್ಗಿದ್ದಾರೆ ಅಂತ ಅರ್ಥವಲ್ಲ. ಆದರೆ ಇದನ್ನು ವಿಚಾರಿಸಬೇಕಾದ ಸಂಸತ್ತಿನ ಐಟಿ ಸ್ಥಾಯಿ ಸಮಿತಿ ಅದೇ ತಿಂಗಳು 28ರಂದು ಕರೆದ ಸಭೆ ಏನಾಯಿತು ಗೊತ್ತಾ? ಕರೆದ ಅಧಿಕಾರಿಗಳು ಬರಲಿಲ್ಲ. ಆಳುವ ಪಕ್ಷದ ಸದಸ್ಯರು ಬಂದು, ಹಾಜರಿ ಪುಸ್ತಕಕ್ಕೆ ಸಹಿ ಹಾಕಲಿಲ್ಲ. ಕೋರಂ ಇಲ್ಲ, ಸಭೆ ಇಲ್ಲ. ಇಷ್ಟಕ್ಕೆ ಯಾವ ಸ್ಪೈವೇರೂ ಬೇಕಾಗಲಿಲ್ಲ.

ಈಗ ಇನ್ನೂ ಎರಡು ವಿಷಯ ನಡೆಯುತ್ತಿವೆ. ರಾಜ್ಯಗಳ ಸದನಗಳನ್ನೆಲ್ಲ ಕಾಗದರಹಿತ ಮಾಡಲು ‘ನೇವಾ’ ಎಂಬ ಅಪ್ಲಿಕೇಶನ್ ಇದೆ. ಕಾರ್ಯಸೂಚಿ, ಪ್ರಶ್ನೆ, ಉತ್ತರ, ಮಸೂದೆ ಎಲ್ಲ ಅದರಲ್ಲೇ. 2022ರಲ್ಲಿ ನಾಗಾಲ್ಯಾಂಡ್ ಮೊದಲು ಪೂರ್ತಿ ಅದಕ್ಕೆ ಹೋಯಿತು. ಅನುಕೂಲ ಬಹಳ, ಕಾಗದ ಉಳಿಯುತ್ತದೆ. ಆದರೆ ಅದನ್ನು ನಡೆಸುವುದು ಕೇಂದ್ರದ ಸಂಸದೀಯ ವ್ಯವಹಾರಗಳ ಸಚಿವಾಲಯ. ಅಂದರೆ ಒಂದು ರಾಜ್ಯದ ಸದನದ ಕಡತ, ಬೇರೊಂದು ಸರ್ಕಾರದ ಸಚಿವಾಲಯದ ಯೋಜನೆಯೊಳಗೆ. ಇನ್ನೊಂದು ‘ಸಂಸದ್ ಭಾಷಿಣಿ’. 2025ರ ಮಾರ್ಚ್‌ನಲ್ಲಿ ಲೋಕಸಭಾ ಸಚಿವಾಲಯ ಐಟಿ ಸಚಿವಾಲಯದ ಜೊತೆ ಒಪ್ಪಂದ ಮಾಡಿಕೊಂಡಿತು. ಸದನದ ಮಾತನ್ನು ಎಐ ಬರಹಕ್ಕಿಳಿಸುತ್ತದೆ, ಅನುವಾದ ಮಾಡುತ್ತದೆ.

ಇದನ್ನು ಹೇಳಿದಾಗಲೇ ಚಿಕ್ಕಪ್ಪ ಮೊದಲ ಸಲ ಎದ್ದು ಕೂತದ್ದು. “ಅಂದ್ರೆ ನನ್ನ ಕೆಲಸ ಸಚಿವಾಲಯದ ಮಷೀನ್ ಮಾಡುತ್ತಾ?” ಮೊದಲ ಕರಡು ಮಷೀನ್ ಮಾಡುತ್ತೆ, ತಿದ್ದೋರು ಸದನದವರೇ ಇರುತ್ತಾರೆ ಚಿಕ್ಕಪ್ಪ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಗದ್ದಲದಲ್ಲಿ ಮೈಕ್ ಇಲ್ಲದೆ ಕೂಗಿದವರ ಮಾತು ಬರೆಯಬೇಕೋ ಬಿಡಬೇಕೋ ಅನ್ನುವುದು ವರದಿಗಾರರ ಮೇಜಿನಲ್ಲಿ ದಿನಾ ನಡೆಯುತ್ತಿದ್ದ ತೀರ್ಮಾನವಂತೆ. ಮೈಕ್ ಆಫ್ ಆದರೂ ಕಿವಿ ಆಫ್ ಆಗುತ್ತಿರಲಿಲ್ಲ ಅನ್ನುತ್ತಾರೆ. ಮಷೀನ್‌ಗೆ ಮೈಕ್ ಬಿಟ್ಟು ಬೇರೆ ಕಿವಿ ಇಲ್ಲ.

ಬಾಗಿಲ ಕಾವಲಿನ ಕಥೆಯೂ ಒಂದು ಸುತ್ತು ಬಂದಿದೆ. 2023ರ ಡಿಸೆಂಬರ್ 13ರಂದು ಇಬ್ಬರು ಗ್ಯಾಲರಿಯಿಂದ ಲೋಕಸಭೆಯೊಳಗೆ ಹಾರಿ ಹಳದಿ ಹೊಗೆ ಬಿಟ್ಟರು. ಅವರ ಪಾಸ್ ನಮ್ಮ ಮೈಸೂರಿನ ಆಗಿನ ಸಂಸದರ ಕಚೇರಿಯಿಂದ ಹೋಗಿತ್ತು, ಊರಲ್ಲಿ ವಾರಗಟ್ಟಲೆ ಅದೇ ಮಾತು. ಮುಂದಿನ ಮೇ ತಿಂಗಳಲ್ಲಿ ಸಂಸತ್ ಆವರಣದ ಭದ್ರತೆ ಸಿಐಎಸ್‌ಎಫ್ ಕೈಗೆ ಹೋಯಿತು. 3,300ಕ್ಕೂ ಜಾಸ್ತಿ ಸಿಬ್ಬಂದಿ, ಗೃಹ ಸಚಿವಾಲಯದ ಕೆಳಗಿನ ಪಡೆ. 2025ರ ಆಗಸ್ಟ್‌ನಲ್ಲಿ ರಾಜ್ಯಸಭೆಯಲ್ಲಿ ಪ್ರತಿಭಟನೆ ನಡೆಯುವಾಗ ಆ ಸಿಬ್ಬಂದಿ ಸದನದ ಬಾವಿಗೇ ಬಂದರು ಅಂತ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆಯವರು ಉಪಸಭಾಪತಿಗೆ ಪತ್ರ ಬರೆದರು. ಬಂದವರು ಸಂಸತ್ತಿನ ಭದ್ರತೆಯವರೇ, ಹೊರಗಿನವರಲ್ಲ ಅಂತ ಪೀಠದ ಉತ್ತರ. ಸದನ ನಡೆಸುತ್ತಿರುವುದು ನೀವೋ ಗೃಹಮಂತ್ರಿಗಳೋ ಅಂತ ಖರ್ಗೆ ಕೇಳಿದರು. ಪಟೇಲರು 1929ರಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಇದೇ.

ನನಗೆ ಬೇಕಾದದ್ದು ತೀರಾ ದೊಡ್ಡದೇನಲ್ಲ. ಸಂಸತ್ತಿಗೆ ತನ್ನದೇ ಮೇಲ್ ಡೊಮೇನ್, ತನ್ನದೇ ಸರ್ವರ್, 98ನೇ ವಿಧಿಯ ಕೆಳಗೆ ಸಂಬಳ ತೆಗೆದುಕೊಳ್ಳುವ ಅಡ್ಮಿನ್‌ಗಳು. ಎನ್‌ಐಸಿಯವರು ಕರೆದಾಗ ಬಂದು ಸಹಾಯ ಮಾಡಲಿ. ಬ್ರಿಟನ್ ಸಂಸತ್ತಿನ ಎರಡೂ ಸದನ ಸೇರಿ ನಡೆಸುವ ಡಿಜಿಟಲ್ ವಿಭಾಗ ಇದೆ. 2017ರ ಜೂನ್‌ನಲ್ಲಿ ಅಲ್ಲಿನ ಮೇಲ್ ಮೇಲೆ ದಾಳಿಯಾಗಿ ಸುಮಾರು 90 ಖಾತೆ ಹೋದವು, ದುರ್ಬಲ ಪಾಸ್‌ವರ್ಡ್ ಕಾರಣ. ಸ್ವಂತ ಸರ್ವರ್ ಇದ್ದ ಮಾತ್ರಕ್ಕೆ ಎಲ್ಲ ಭದ್ರ ಅಂತ ನಾನು ಹೇಳುವುದಿಲ್ಲ. ಬಿದ್ದಾಗ ಎತ್ತುವವರು ಸದನಕ್ಕೆ ಉತ್ತರ ಹೇಳುವವರಾಗಿರುತ್ತಾರೆ.

ಇಲ್ಲಿ ಚಿಕ್ಕಪ್ಪ ಸರಿಯಾಗಿ ಹಿಡಿದರು. “ಕೀಲಿ ತೆಗೆದು ಸಭಾಧ್ಯಕ್ಷರಿಗೆ ಕೊಡ್ತೀಯ. ಸಭಾಧ್ಯಕ್ಷರು ಯಾವ ಪಕ್ಷದವರು? 2019ರಲ್ಲಿ ನಮ್ಮ ವಿಧಾನಸಭೆಗೆ ಖಾಸಗಿ ಟಿವಿ ಕ್ಯಾಮೆರಾ ಬರಬಾರದು ಅಂದದ್ದು ಮುಖ್ಯಮಂತ್ರಿ ಅಲ್ಲ, ಸಭಾಧ್ಯಕ್ಷರೇ.” ನಿಜ. ಅಷ್ಟೇ ಅಲ್ಲ, 17ನೇ ಲೋಕಸಭೆಯ ಐದೂ ವರ್ಷ ಉಪಾಧ್ಯಕ್ಷರೇ ಇರಲಿಲ್ಲ. ವಿರೋಧ ಪಕ್ಷಕ್ಕೆ ಕೊಡುವ ವಾಡಿಕೆಯಿದ್ದ ಕುರ್ಚಿ ಅದು. ಹಾಗಾಗಿ ಒಂದೇ ಕೀಲಿ ಸಾಲದು. ಬ್ಯಾಂಕಿನ ಲಾಕರ್ ರೂಮಿನಲ್ಲಿ, ನಮ್ಮ ಡೇಟಾ ಸೆಂಟರ್‌ಗಳಲ್ಲಿ ಮಾಡುವಂತೆ ಇಬ್ಬರು ಒಪ್ಪಿದರೆ ಮಾತ್ರ ತೆರೆಯುವ ವ್ಯವಸ್ಥೆ ಬೇಕು. ಒಂದು ಕೀಲಿ ಸದನದ ಸಚಿವಾಲಯದ ಮುಖ್ಯಸ್ಥರಾದ ಮಹಾಕಾರ್ಯದರ್ಶಿಯವರ ಹತ್ತಿರ. ಇನ್ನೊಂದು ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷರ ಹತ್ತಿರ. 1967ರಿಂದ ಅಲ್ಲಿ ವಿರೋಧ ಪಕ್ಷದವರೇ ಕೂರುವ ರೂಢಿ ಇದೆ. ಯಾವ ಸದಸ್ಯರ ಲಾಗ್ ತೆಗೆದರೂ ಬರಹದಲ್ಲಿ ಆದೇಶ, ಆ ಸದಸ್ಯರಿಗೆ ಒಂದು ಪ್ರತಿ.

“ಆ ಅಡ್ಮಿನ್ ಹುದ್ದೆಗಳಿಗೆ ದುಡ್ಡು ಕೊಡೋರು ಯಾರೇ? ಹಣಕಾಸು ಇಲಾಖೆ ತಾನೇ?” ಅಂದರು ಚಿಕ್ಕಪ್ಪ. ಒಂದು ಟೈಪ್‌ರೈಟರ್ ಬದಲಿಸಲು ಅವರ ವಿಭಾಗ ಆ ಇಲಾಖೆಗೆ ಕಡತ ಕಳಿಸಿ ಕಾದ ಕಥೆ ಮತ್ತೆ ಹೇಳಿದರು. ಬ್ರಿಟನ್ನಿನಲ್ಲಿ 1978ರ ಒಂದು ಕಾಯ್ದೆ ಬಂದ ಮೇಲೆ ಕಾಮನ್ಸ್ ಸಭೆಯ ಖರ್ಚಿನ ಅಂದಾಜನ್ನು ಸಭೆಯ ಆಯೋಗವೇ ಮಂಡಿಸುತ್ತದೆ, ಸರ್ಕಾರವಲ್ಲ ಅಂತ ನಾನು ಹೇಳಿದೆ.

“ಹಾಗಾದ್ರೆ ಮೊದಲು ಅದನ್ನ ಕೇಳು. ಸರ್ವರ್ ಆಮೇಲೆ.”